ಬಾವಿ, ತೋಪು, ಗೋಮಾಳ: ಹಳ್ಳಿ ಮಕ್ಕಳ ಸಾಹಸದ ಆಟಗಳು

ಇಂದು ಎಪ್ಪತ್ತು, ಎಂಬತ್ತರ ಆಚೀಚೆ ಇರುವ ಬಯಲುಸೀಮೆಯ ಹಿರಿಯರು ಬಾಲ್ಯದ ಮಾತು ತೆಗೆದರೆ ಮೂರು ಜಾಗಗಳು ತಪ್ಪದೆ ಬರುತ್ತವೆ: ಈಜು ಕಲಿತ ಬಾವಿ, ಮರಕೋತಿ ಆಡಿದ ತೋಪು, ದನ ಬಿಟ್ಟುಕೊಂಡು ದಿನವೆಲ್ಲ ಕಳೆದ ಗೋಮಾಳ. ಇವುಗಳಲ್ಲಿ ಒಂದನ್ನೂ ಮಕ್ಕಳ ಆಟಕ್ಕೆಂದು ಯಾರೂ ಕಟ್ಟಿಸಿರಲಿಲ್ಲ. ಬಾವಿ ಹೊಲಕ್ಕೆ ನೀರೆತ್ತಲು, ತೋಪು ಊರಿನ ನೆರಳಿಗೆ, ಹಣ್ಣಿಗೆ, ಸೌದೆಗೆ, ಗೋಮಾಳ ದನ ಮೇಯಲು. ದೊಡ್ಡವರು ದುಡಿಯುವ ಜಾಗಗಳಲ್ಲೇ, ದುಡಿಮೆಯ ಸಂದಿನಲ್ಲೇ, ಮಕ್ಕಳು ತಮ್ಮ ಆಟ ಹೂಡಿಕೊಂಡರು. ಹಾಗಾಗಿ ಈ ಆಟಗಳ ಚರಿತ್ರೆಯನ್ನು ನೀರಾವರಿಯ, ಊರೊಟ್ಟಿನ ಭೂಮಿಯ ಮತ್ತು ದನ ಕಾಯುವ ಕಸುಬಿನ ಚರಿತ್ರೆಯಿಂದ ಬಿಡಿಸಿ ಹೇಳಲಾಗದು.

ನೀರಾಟ, ಉಯ್ಯಾಲೆ, ವನವಿಹಾರಗಳ ಹಳೆಯ ದಾಖಲೆಯೊಂದು ಕನ್ನಡ ನಾಡಿನಲ್ಲೇ ಹುಟ್ಟಿದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಮೊದಲರ್ಧದ ಸಂಸ್ಕೃತ ಗ್ರಂಥ. ಅರಸನ ವಿನೋದಗಳನ್ನೂ ಕ್ರೀಡೆಗಳನ್ನೂ ಅದು ಒಂದೊಂದಾಗಿ ವಿವರಿಸುತ್ತದೆ. ಜಲಕ್ರೀಡೆಗೂ ಉಯ್ಯಾಲೆಗೂ ಅಲ್ಲಿ ಪ್ರತ್ಯೇಕ ಜಾಗವಿದೆ. ಅದು ಅರಮನೆಯ ಆಟ. ಅದೇ ಕಾಲದಲ್ಲಿ ಕೆರೆಯ ಏರಿಯ ಕೆಳಗೆ ಎಮ್ಮೆ ಮೇಯಿಸುತ್ತಿದ್ದ ಹುಡುಗರು ಏನಾಡಿದರೆಂದು ಬರೆದಿಡುವವರು ಇರಲಿಲ್ಲ. ಹಳ್ಳಿಯ ಮಕ್ಕಳ ಆಟ ಬರಹಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಹಳ್ಳಿಯಲ್ಲಿ ಹುಟ್ಟಿದವರು ಲೇಖಕರಾದ ಮೇಲೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತ, ಮಲೆನಾಡಿನಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, ಹೇಮಾವತಿಯ ದಂಡೆಯ ಗೊರೂರಿನಲ್ಲಿ ಅದೇ ವರ್ಷ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರ್ ಇವರೆಲ್ಲ ತಾವು ಬೆಳೆದ ನೆಲವನ್ನು ಗದ್ಯಕ್ಕೆ ತಂದರು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲೂ ‘ನೆನಪಿನ ದೋಣಿಯಲ್ಲಿ’ 1980ರಲ್ಲೂ ಪ್ರಕಟವಾದವು. ಕಾರಂತರು 1930ರ ದಶಕದಲ್ಲಿ ಪುತ್ತೂರಿನಲ್ಲಿ ಬಾಲವನ ಕಟ್ಟಿ, ಮಕ್ಕಳು ಆಟದ ಮೂಲಕ ಕಲಿಯಬೇಕೆಂಬ ತಮ್ಮ ನಂಬಿಕೆಯನ್ನು ಪ್ರಯೋಗಕ್ಕೇ ಇಳಿಸಿದರು.

ಬರಹಕ್ಕಿಂತ ದೊಡ್ಡ ಭಂಡಾರ ಬಾಯಿಮಾತಿನದು. ಹಬ್ಬಕ್ಕೆ ಬಂದ ಮೊಮ್ಮಕ್ಕಳಿಗೆ ಅಜ್ಜ, ಅಜ್ಜಿಯರು ಹೇಳುವ ಕಥೆಗಳಲ್ಲಿ ಈ ಆಟಗಳ ನಿಯಮ, ಹೆಸರು, ಪೆಟ್ಟು, ಏಟು ಎಲ್ಲ ಉಳಿದಿವೆ. ಆದರೆ ನೆನಪನ್ನು ದಾಖಲೆಯಾಗಿ ಬಳಸುವವರು ಒಂದು ಸಂಗತಿಯನ್ನು ಮರೆಯಬಾರದು: ಬಾವಿಯಿಂದ ಮೇಲೆ ಬಂದವರಷ್ಟೇ ಇಂದು ಕಥೆ ಹೇಳುತ್ತಿದ್ದಾರೆ. ಕಾಡುಹಣ್ಣು ಹುಡುಕಿ ಗುಡ್ಡ ಅಲೆದದ್ದರಲ್ಲಿ ಸಾಹಸ ಎಷ್ಟಿತ್ತೋ ಹಸಿವೂ ಅಷ್ಟೇ ಇತ್ತು. ಮಧ್ಯಾಹ್ನದ ಊಟ ಖಾತ್ರಿಯಿಲ್ಲದ ಮನೆಗಳ ಮಕ್ಕಳಿಗೆ ಎಲಚಿ, ಕಾರೆ, ಕವಳೆ, ನೇರಳೆ, ಪಾಪಾಸುಕಳ್ಳಿಯ ಹಣ್ಣು ಆಹಾರವೇ ಆಗಿದ್ದವು.

ಆ ಕಾಲದ ಆಟಗಳಲ್ಲಿ ಬಾವಿಯ ಈಜಿಗೆ ಮೊದಲ ಸ್ಥಾನ. ಬಯಲುಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಗಳು ಕಡಿಮೆ. ಕೋಲಾರದಂಥ ಜಿಲ್ಲೆಯಲ್ಲಿ ಒಂದೂ ಇಲ್ಲ. ಅಲ್ಲಿ ನೀರೆಂದರೆ ಕೆರೆ ಮತ್ತು ಬಾವಿ. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅವುಗಳಲ್ಲಿ ಹೆಚ್ಚಿನವು ಬೇಸಿಗೆಗೆ ತಳ ಕಾಣುತ್ತಿದ್ದವು. ಬಾವಿಯ ನೀರು ಮಾತ್ರ ಏಪ್ರಿಲ್, ಮೇ ತಿಂಗಳಲ್ಲೂ ಇರುತ್ತಿತ್ತು, ಶಾಲೆಗೆ ರಜೆಯೂ ಆಗಲೇ. ಹೊಲದ ನಡುವೆ ತೋಡಿದ ಈ ಬಾವಿಗಳು ಮನೆಯ ಹಿತ್ತಲಿನ ಸೇದುವ ಬಾವಿಯಂತೆ ಕಿರಿದಾಗಿರಲಿಲ್ಲ. ಬಾಯಿ ಅಗಲ, ಚೌಕವೋ ದುಂಡೋ, ಮೇಲ್ಭಾಗಕ್ಕೆ ಕಲ್ಲುಕಟ್ಟಡ, ಕೆಳಗೆ ಕಡಿದ ಬಂಡೆ. ಗೋಡೆಯಿಂದ ಹೊರಗೆ ಚಾಚಿದ ಹಾಸುಗಲ್ಲುಗಳೇ ಇಳಿಯುವ ಮೆಟ್ಟಿಲು, ಹಿಡಿದುಕೊಳ್ಳಲು ಪಕ್ಕದಲ್ಲಿ ಏನೂ ಇಲ್ಲ. ಒಂದು ಬದಿಗೆ ಕಪಿಲೆ: ಎರಡು ಕಂಬ, ಅಡ್ಡಮರ, ರಾಟೆ, ಎತ್ತುಗಳು ಹಗ್ಗ ಎಳೆಯುತ್ತ ಇಳಿದುಹೋಗುವ ಇಳಿಜಾರು. ಚರ್ಮದ ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿದಾಗ ಆಗುವ ಸದ್ದು ದೂರದ ಹೊಲಕ್ಕೂ ಕೇಳುತ್ತಿತ್ತು. ಎತ್ತು ಬಿಚ್ಚಿ ಕಪಿಲೆ ನಿಂತ ಹೊತ್ತೇ ಹುಡುಗರ ಹೊತ್ತು.

ಈಜು ಕಲಿಸುವುದಕ್ಕೆ ಒಂದು ಕ್ರಮವಿತ್ತು. ಅಪ್ಪನೋ ಸೋದರಮಾವನೋ ಇಲ್ಲವೇ ಓಣಿಯ ದೊಡ್ಡ ಹುಡುಗನೊಬ್ಬನೋ ಗುರು. ಕಲಿಯುವವನ ಬೆನ್ನಿಗೆ ತೇಲುವಂಥದ್ದೊಂದನ್ನು ಕಟ್ಟುತ್ತಿದ್ದರು. ಬಹು ಕಾಲ ಅದು ಒಣಗಿದ ಸೋರೆಬುರುಡೆಯಾಗಿತ್ತು. ಬುರುಡೆ ಸಿಗದಿದ್ದರೆ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳ ಜೋಡಿ, ಕತ್ತಾಳೆಯ ಒಣ ಹೂಕಂಬದ ಬೆಂಡು, ಬಾಳೆದಿಂಡು. ಸೀಮೆಎಣ್ಣೆ ಹಳ್ಳಿಗೆ ಬಂದ ಮೇಲೆ ಅದರ ಡಬ್ಬ, ಬಸ್ಸು ಲಾರಿಗಳು ಓಡಾಡತೊಡಗಿದ ಮೇಲೆ ಗಾಳಿ ತುಂಬಿದ ಟ್ಯೂಬು. ಸೊಂಟಕ್ಕೆ ಹಗ್ಗ ಬಿಗಿದು ಅದರ ತುದಿಯನ್ನು ಮೆಟ್ಟಿಲ ಮೇಲೆ ನಿಂತವರು ಹಿಡಿದಿರುತ್ತಿದ್ದರು. ಮೊದಮೊದಲು ಮೆಟ್ಟಿಲು ಹಿಡಿದುಕೊಂಡು ಕಾಲು ಬಡಿಯುವುದು, ಆಮೇಲೆ ಎದುರಿನ ಗೋಡೆಗೆ ಹೋಗಿ ಬರುವುದು. ದಿನ ಕಳೆದಂತೆ ಬುರುಡೆಯನ್ನು ಸಡಿಲ ಕಟ್ಟುತ್ತಿದ್ದರು. ಒಂದು ದಿನ ಹೇಳದೆ ಕೇಳದೆ ಬಿಚ್ಚಿಬಿಡುತ್ತಿದ್ದರು. ಬುರುಡೆ ಇಲ್ಲವೆಂದು ಹುಡುಗನಿಗೆ ಗೊತ್ತಾಗುವುದು ಅತ್ತ ಗೋಡೆ ಮುಟ್ಟಿದ ಮೇಲೆಯೇ.

ಈ ಕ್ರಮವನ್ನೆಲ್ಲ ಬದಿಗಿಟ್ಟು ಏಕಾಏಕಿ ಹಿಂದಿನಿಂದ ತಳ್ಳಿಬಿಡುವ ದೊಡ್ಡಣ್ಣಂದಿರೂ ಇದ್ದರು. ತಳ್ಳಿದವನು ಮರುಕ್ಷಣವೇ ತಾನೂ ಹಾರಿ, ನೀರು ಕುಡಿದವನ ಜುಟ್ಟೋ ರಟ್ಟೆಯೋ ಹಿಡಿದು ಎತ್ತಬೇಕೆಂಬುದು ಅಲಿಖಿತ ಕರಾರು. ಮುಳುಗುತ್ತಿರುವವನ ಕೈಗೆ ತಾನು ಸಿಗಬಾರದು, ಹಿಂದಿನಿಂದಲೇ ಹಿಡಿಯಬೇಕು ಎಂಬ ಜ್ಞಾನವನ್ನು ಹಳ್ಳಿಯ ಹುಡುಗರು ಯಾವ ಪುಸ್ತಕವೂ ಇಲ್ಲದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದರು. ಈಜು ಬಂದವನ ಮುಂದಿನ ಹಂತ ಮೇಲಿನಿಂದ ಹಾರುವುದು. ಮೊದಲು ಕೆಳಗಿನ ಮೆಟ್ಟಿಲು, ಆಮೇಲೆ ಕಟ್ಟೆ, ಕೊನೆಗೆ ಕಪಿಲೆಯ ಅಡ್ಡಮರ. ಕಾಲು ಮುಂದಾಗಿ ಬೀಳುವುದು ಎಳಬರ ಪಾಲಿಗೆ. ತಲೆ ಮುಂದಾಗಿ ‘ಡೈ’ ಹೊಡೆಯುವುದು, ಗಾಳಿಯಲ್ಲೇ ಲಾಗ ಹಾಕುವುದು ಪಳಗಿದವರ ಕೆಲಸ. ತಳ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಹಿಡಿ ಕೆಸರು ತರಬೇಕಿತ್ತು. ಬೇಸಿಗೆ ಏರಿದಂತೆ ನೀರು ಇಳಿಯುತ್ತಿತ್ತು, ಹಾರುವ ಎತ್ತರ ತಾನಾಗಿ ಹೆಚ್ಚುತ್ತಿತ್ತು, ನೀರಿನ ಆಳ ಅಷ್ಟೇ ಕಡಿಮೆಯಾಗುತ್ತಿತ್ತು. ಅಪಾಯದ ದಿನಗಳು ಅವೇ. ಯಾವ ಬಾವಿಯ ಯಾವ ಮೂಲೆಯಲ್ಲಿ ಬಂಡೆ ಚಾಚಿದೆ ಎಂಬುದು ಊರಿನ ಎಲ್ಲ ಹುಡುಗರಿಗೂ ತಿಳಿದಿರುತ್ತಿತ್ತು, ಪಕ್ಕದೂರಿನಿಂದ ಬಂದ ನೆಂಟರ ಹುಡುಗನಿಗೆ ತಿಳಿದಿರುತ್ತಿರಲಿಲ್ಲ.

ಮನೆಯಲ್ಲಿ ಹೇಳಿ ಹೋದವರಿಗಿಂತ ಕದ್ದು ಹೋದವರೇ ಹೆಚ್ಚು. ಚಡ್ಡಿ ನೆನೆಯದಿರಲೆಂದು ಬರಿಮೈಯಲ್ಲೇ ಇಳಿಯುತ್ತಿದ್ದರು, ತಲೆ ಒಣಗಲೆಂದು ಬಂಡೆಯ ಮೇಲೆ ಮಲಗಿ ಬಿಸಿಲು ಕಾಯಿಸುತ್ತಿದ್ದರು. ಆದರೂ ತಾಯಂದಿರು ಕಂಡುಹಿಡಿಯುತ್ತಿದ್ದರು. ಹುಡುಗನ ಮುಂಗೈ ಹಿಡಿದು ಉಗುರಿನಿಂದ ಒಮ್ಮೆ ಗೀರುವುದು: ಬಹಳ ಹೊತ್ತು ನೀರಿನಲ್ಲಿದ್ದು ಒಣಗಿದ ಚರ್ಮದ ಮೇಲೆ ಬಿಳಿಯ ಗೆರೆ ಏಳುತ್ತದೆ. ಗೆರೆ ಎದ್ದರೆ ಏಟು. ಅದನ್ನು ತಪ್ಪಿಸಿಕೊಳ್ಳಲು ಹುಡುಗರು ಮೈಗೆಲ್ಲ ಹೊಲದ ಧೂಳು ಬಳಿದುಕೊಳ್ಳುತ್ತಿದ್ದರು. ಆಗಲೂ ಕೆಂಪಾದ ಕಣ್ಣು ಗುಟ್ಟು ಬಿಡುತ್ತಿತ್ತು. ಈ ಪರೀಕ್ಷೆಯನ್ನು ಮೈಸೂರು ಸೀಮೆಯವರೂ ಹುಬ್ಬಳ್ಳಿ ಕಡೆಯವರೂ ಒಂದೇ ಬಗೆಯಲ್ಲಿ ನೆನೆಯುತ್ತಾರೆ. ತಾಯಂದಿರ ಆ ಕೋಪಕ್ಕೆ ಕಾರಣವಿತ್ತು. ವರ್ಷಕ್ಕೊಮ್ಮೆಯಾದರೂ ಸುತ್ತಲಿನ ಯಾವುದೋ ಊರಿನಲ್ಲಿ ಬಾವಿ ಒಂದು ಮಗುವನ್ನು ನುಂಗಿದ ಸುದ್ದಿ ಬರುತ್ತಿತ್ತು. ಬಾವಿ ಬಲಿ ಬೇಡುತ್ತದೆಂಬ ನಂಬಿಕೆ, ಗಂಗಮ್ಮನಿಗೆ ಸಲ್ಲಿಸುವ ಪೂಜೆ, ಇಂಥ ದುಃಖಗಳೊಂದಿಗೆ ಹೆಣೆದುಕೊಂಡಿದ್ದವು.

ಮುಳುಗುವುದೊಂದೇ ಅಪಾಯವಾಗಿರಲಿಲ್ಲ. ಉತ್ತರ ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಮೆಟ್ಟಿಲು ಬಾವಿಗಳು ನಾರುಹುಣ್ಣಿನ ತವರಾಗಿದ್ದವು. ಕಾಲಿನ ಹುಣ್ಣಿನಿಂದ ಹೊರಬರುವ ಉದ್ದನೆಯ ಹುಳು ನೀರು ತಾಗಿದೊಡನೆ ತನ್ನ ಮರಿಗಳನ್ನು ಬಿಡುತ್ತದೆ. ನೀರಿನ ಸೂಕ್ಷ್ಮ ಜೀವಿಗಳು ಅವನ್ನು ನುಂಗುತ್ತವೆ, ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ಬಳಿಕ ಹುಣ್ಣು ಏಳುತ್ತದೆ. ಕುಡಿಯುವ ನೀರಿನ ಬಾವಿಗೇ ಹುಣ್ಣುಗಾಲಿನಲ್ಲಿ ಇಳಿದರೆ ಇಡೀ ಊರಿಗೆ ರೋಗ. 1980ರ ದಶಕದಲ್ಲಿ ದೇಶದಾದ್ಯಂತ ನಡೆದ ನಿರ್ಮೂಲನ ಕಾರ್ಯಕ್ರಮ ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದಕ್ಕೆ ಒತ್ತು ಕೊಟ್ಟಿತು. ಭಾರತದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ದೇಶ ಈ ರೋಗದಿಂದ ಮುಕ್ತವಾಗಿದೆಯೆಂಬ ಘೋಷಣೆ ಬಂತು. ಈಜಾಡುವ ಬಾವಿಗಳು ಕೆಲವು ಕಡೆ ಮುಚ್ಚಿಹೋದದ್ದು ಇಂಥ ಒಳ್ಳೆಯ ಕಾರಣಕ್ಕೂ ಹೌದು.

ಬಾವಿ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಈ ಚರಿತ್ರೆ ಬಿಟ್ಟುಬಿಡುವಂತಿಲ್ಲ. ನೀರಾವರಿ ಬಾವಿ ಜಮೀನುದಾರನ ಸೊತ್ತು, ಜಮೀನು ಹೆಚ್ಚಾಗಿ ಮೇಲುಜಾತಿಗಳ ಕೈಯಲ್ಲಿತ್ತು. ದಲಿತರ ಮಕ್ಕಳು ಆ ನೀರಿಗೆ ಇಳಿದರೆ ಮೈಲಿಗೆಯೆಂದು ಬಡಿಯುತ್ತಿದ್ದ ಊರುಗಳೇ ಬಹಳ. ಅವರು ಈಜು ಕಲಿತದ್ದು ಹಳ್ಳದ ಮಡುವಿನಲ್ಲಿ, ಕೆರೆಯ ಇನ್ನೊಂದು ದಂಡೆಯಲ್ಲಿ, ಕಲ್ಲು ಒಡೆದು ಬಿಟ್ಟ ಗುಂಡಿಗಳಲ್ಲಿ. ಅವರಲ್ಲಿ ಎಷ್ಟೋ ಮಕ್ಕಳಿಗೆ ಆಟದ ವಯಸ್ಸಿನಲ್ಲೇ ಜೀತ. ಜೀತಪದ್ಧತಿಯನ್ನು ರದ್ದುಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯಲ್ಲಿ ಹೆಗಲಿಗೆ ನೊಗ ಹೊತ್ತು ನೇಗಿಲೆಳೆಯುವ ಮನುಷ್ಯರನ್ನು ನೋಡುತ್ತ ನಿಂತ ಹುಡುಗನಿದ್ದಾನೆ. ಊರಿನ ಬಾಲ್ಯ ಮತ್ತು ಕೇರಿಯ ಬಾಲ್ಯ ಒಂದೇ ಬಿಸಿಲಿನಡಿ ನಡೆದರೂ ಒಂದೇ ಆಗಿರಲಿಲ್ಲ. ಒಂದೇ ಬಾವಿಯ ಸುತ್ತ ಬೆಳೆದ ಇಬ್ಬರು ಮುದುಕರ ನೆನಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕಾದದ್ದು ಇದಕ್ಕಾಗಿಯೇ.

ಕೆರೆಯಲ್ಲಿ ಈ ಬಿಗಿ ಸ್ವಲ್ಪ ಸಡಿಲವಾಗಿತ್ತು, ಏಕೆಂದರೆ ಅಲ್ಲಿಗೆ ಎಲ್ಲರ ದನವೂ ಬರುತ್ತಿತ್ತು. ಎಮ್ಮೆಯ ಬಾಲ ಹಿಡಿದು ಕೆರೆ ದಾಟುವುದು ದನ ಕಾಯುವ ಹುಡುಗರ ನೆಚ್ಚಿನ ಆಟ. ಎಮ್ಮೆ ಮನಸ್ಸು ಬದಲಿಸಿ ನಡುನೀರಿನಲ್ಲಿ ನಿಂತರೆ ಹುಡುಗನೂ ಅಲ್ಲೇ ನಿಲ್ಲಬೇಕು. ಬಾಲ ಬಿಡುವಂತಿಲ್ಲ.

ಊರ ಹೊರಗಿನ ಗುಂಡುತೋಪು ಹಳೇ ಮೈಸೂರು ಸೀಮೆಯ ಹಳ್ಳಿಗಳಿಗೆ ಒಂದು ಆಸ್ತಿ. ಮಾವು, ಹುಣಸೆ, ಹೊಂಗೆ, ನೇರಳೆ, ಹಿಪ್ಪೆ, ಆಲ ಬೆಳೆದ ಈ ಊರೊಟ್ಟಿನ ನೆಲದಲ್ಲಿ ದಾರಿಹೋಕರು ಬಂಡಿ ಬಿಡುತ್ತಿದ್ದರು, ಜಾತ್ರೆಯ ಜನ ಬಿಡಾರ ಹೂಡುತ್ತಿದ್ದರು. ಮಕ್ಕಳಿಗೆ ಅದು ಮರಕೋತಿಯ ಮನೆ. ಉತ್ತರ ಕರ್ನಾಟಕದಲ್ಲಿ ಇದೇ ಆಟವನ್ನು ಗಿಡಮಂಗ್ಯಾ ಎನ್ನುತ್ತಾರೆ. ಮರದ ಬುಡದಲ್ಲಿ ಒಂದು ವೃತ್ತ ಗೀಚಿ, ಒಬ್ಬನನ್ನು ಕಳ್ಳನೆಂದು ಆರಿಸುತ್ತಾರೆ. ಉಳಿದವರಲ್ಲೊಬ್ಬ ವೃತ್ತದೊಳಗೆ ನಿಂತು, ಒಂದು ಕಾಲೆತ್ತಿ, ಅದರ ಅಡಿಯಿಂದ ಕೋಲನ್ನು ಬೀಸಿ ಎಸೆಯುತ್ತಾನೆ. ಕಳ್ಳ ಓಡಿಹೋಗಿ ಕೋಲು ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಎಲ್ಲರೂ ಮರ ಏರಿರಬೇಕು. ಇನ್ನು ಕಳ್ಳ ಮರ ಹತ್ತಿ ಯಾರನ್ನಾದರೂ ಮುಟ್ಟಬೇಕು, ಮುಟ್ಟಿಸಿಕೊಂಡವನು ಮುಂದಿನ ಕಳ್ಳ. ಆದರೆ ಅವನು ಮರದ ಮೇಲಿರುವಾಗ ಇನ್ನೊಬ್ಬ ಕೊಂಬೆಯಿಂದ ಧುಮುಕಿ ಕೋಲನ್ನು ಕೈಗೆ ತೆಗೆದುಕೊಂಡು ಮತ್ತೆ ಎಸೆದುಬಿಟ್ಟರೆ, ಕಳ್ಳನ ಪಾಡು ಮೊದಲಿಂದ ಶುರು. ಊರಿಂದೂರಿಗೆ ನಿಯಮ ಅಷ್ಟಿಷ್ಟು ಬದಲಾಗುತ್ತದೆ. ಕೋಲು, ಮರ, ಧುಮುಕು ಈ ಮೂರು ಎಲ್ಲೆಡೆಯೂ ಇವೆ.

ಈ ಆಟ ಮಕ್ಕಳಿಗೆ ಮರಗಳ ಗುಣ ಕಲಿಸಿತು. ಆಲದ ಬಿಳಲು ಹಿಡಿದು ಜಾರಿದರೆ ಅಂಗೈ ಸುಲಿದೀತು, ಪ್ರಾಣಕ್ಕೆ ಭಯವಿಲ್ಲ. ಹೊಂಗೆಯ ಕೊಂಬೆ ತಗ್ಗಿನಲ್ಲೇ ಕವಲೊಡೆಯುತ್ತದೆ, ಚಿಕ್ಕವರಿಗೆ ಅನುಕೂಲ. ಹುಣಸೆಯ ಕೊಂಬೆ ಬಾಗುತ್ತದೆಯೇ ಹೊರತು ಮುರಿಯುವುದು ಅಪರೂಪ. ನೇರಳೆ ಮತ್ತು ನುಗ್ಗೆ ಮಾತ್ರ ನಂಬಿಕೆಗೆ ಅರ್ಹವಲ್ಲ, ನೋಡಲು ಗಟ್ಟಿಯಾಗಿದ್ದ ಕೊಂಬೆ ಪಟ್ಟನೆ ಮುರಿದು ಕೈಗೆ ಬರುತ್ತದೆ. ನೇರಳೆ ಹಣ್ಣಿನ ಕಾಲದಲ್ಲಿ ಕೈ ಮುರಿದುಕೊಂಡವರು ಪ್ರತಿ ಊರಿನಲ್ಲೂ ಇದ್ದರು. ಆಗ ಮೂಳೆ ಕಟ್ಟುವವರ ಬಳಿ ಓಡಬೇಕು. ಮುರಿದಲ್ಲಿ ಔಷಧಿ ಮೆತ್ತಿ, ಬಿದಿರಿನ ದಬ್ಬೆಯಿಟ್ಟು, ಬಟ್ಟೆ ಸುತ್ತಿ ಕಳಿಸುತ್ತಿದ್ದರು. ಆಂಧ್ರದ ಪುತ್ತೂರಿನ ಕಟ್ಟು ಕೋಲಾರ, ಬೆಂಗಳೂರು ಕಡೆಗೆಲ್ಲ ಹೆಸರಾಗಿತ್ತು. ಕೈ ಸೊಟ್ಟಗೆ ಕೂಡಿಕೊಂಡ ಎಷ್ಟೋ ಹಿರಿಯರು ಇಂದಿಗೂ ಆ ಮರದ ಗುರುತು ಹೇಳಬಲ್ಲರು.

ಗೋಮಾಳದ ಬದುಕು ಇನ್ನೊಂದು ಬಗೆಯದು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ದನ ಹೊಡೆದುಕೊಂಡು ಹೊರಟವರು ತಿರುಗಿ ಬರುವುದು ಗೋಧೂಳಿಯ ಹೊತ್ತಿಗೆ. ನಡುವಿನ ಅಷ್ಟೂ ಹೊತ್ತು ದೊಡ್ಡವರ ಕಣ್ಣಿಲ್ಲ. ಚಿನ್ನಿದಾಂಡು, ಲಗೋರಿ, ಬುಗುರಿಗಳು ಇಲ್ಲಿ ಬೇಕಾದಷ್ಟು ವಿಸ್ತಾರವಾಗಿ ನಡೆಯುತ್ತಿದ್ದವು. ಚಿನ್ನಿದಾಂಡಿಗೆ ಉತ್ತರದಲ್ಲಿ ಚಿಣಿಪಣಿ ಎಂಬ ಹೆಸರಿದೆ, ಕರಾವಳಿಯಲ್ಲಿ ಕುಟ್ಟಿದೊಣ್ಣೆ. ಸೈಕಲ್ ಟ್ಯೂಬಿನ ರಬ್ಬರು, ಕವಲುಕಡ್ಡಿ, ಚರ್ಮದ ತುಂಡು ಸೇರಿಸಿ ಚಾಟರಬಿಲ್ಲು ಮಾಡುತ್ತಿದ್ದರು. ಹುತ್ತದ ಬಳಿ ಹೋಗಬಾರದು, ಜೇನಿಗೆ ಹೊಗೆ ಹಾಕುವಾಗ ಗಾಳಿಯ ದಿಕ್ಕು ನೋಡಬೇಕು, ಸಿಡಿಲಿನ ಮಳೆಯಲ್ಲಿ ಒಂಟಿ ಮರದ ಕೆಳಗೆ ನಿಲ್ಲಬಾರದು ಎಂಬುದನ್ನು ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಪಕ್ಕದ ಹೊಲದಿಂದ ಕಡಲೆಗಿಡ ಕಿತ್ತು ತಂದು ಸುಡುವುದು, ಉತ್ತರದ ಎರೆಸೀಮೆಯಲ್ಲಿ ಹಾಲುದುಂಬಿದ ಜೋಳದ ತೆನೆ ಸುಟ್ಟು ಸೀತನಿ ಮಾಡಿ ತಿನ್ನುವುದು ಚಳಿಗಾಲದ ಸಂಭ್ರಮ. ಆಟದ ಭರದಲ್ಲಿ ದನ ಯಾರದೋ ಪೈರಿಗೆ ನುಗ್ಗಿದರೆ ದೊಡ್ಡಿಗೆ ಹೋಗುತ್ತಿದ್ದವು. ದಂಡ ಕಟ್ಟಿ ಬಿಡಿಸಿಕೊಂಡು ಬಂದ ಅಪ್ಪನ ಬಾರುಕೋಲನ್ನು ಯಾರೂ ಮರೆತಿಲ್ಲ.

ಹೆಣ್ಣುಮಕ್ಕಳ ಪಾಲು ಇದರಲ್ಲಿ ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮನೆಯ ಅನುಕೂಲ ಹೆಚ್ಚಿದಷ್ಟೂ ಹುಡುಗಿಯರಿಗೆ ಬಯಲು ಕಡಿಮೆ. ಕುಂಟೆಬಿಲ್ಲೆ, ಅಚ್ಚಿನಕಲ್ಲು, ಅಳಗುಳಿಮಣೆ ಜಗಲಿ ಅಂಗಳಗಳ ಆಟ. ಪುರಳೆ ಆಯಲು, ಸಗಣಿ ಹೆಕ್ಕಲು, ಕುರಿ ಕಾಯಲು ಹೋಗುವ ಹುಡುಗಿಯರು ಮಾತ್ರ ಹುಡುಗರಷ್ಟೇ ಸಲೀಸಾಗಿ ಮರ ಏರುತ್ತಿದ್ದರು. ಹೊಳೆದಂಡೆಯ ಊರುಗಳಲ್ಲಿ ತಾಯಿ ಬಟ್ಟೆ ಒಗೆಯುವಾಗ ಮಗಳು ಪಕ್ಕದಲ್ಲೇ ಈಜು ಕಲಿಯುತ್ತಿದ್ದಳು. ಮೈನೆರೆದ ದಿನ ಇದೆಲ್ಲ ನಿಲ್ಲುತ್ತಿತ್ತು. ಅಜ್ಜಿಯರ ನೆನಪಿನ ಬಾಲ್ಯ ಅಜ್ಜಂದಿರದಕ್ಕಿಂತ ಮೂರು ನಾಲ್ಕು ವರ್ಷ ಮೊದಲೇ ಮುಗಿಯುವುದು ಈ ಕಾರಣಕ್ಕೆ.

ನಾಗರಪಂಚಮಿ ಆ ಕಟ್ಟನ್ನು ವರ್ಷಕ್ಕೊಮ್ಮೆ ಬಿಚ್ಚುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಅದು ಹೆಣ್ಣುಮಕ್ಕಳ ಹಬ್ಬ, ಮದುವೆಯಾಗಿ ಹೋದವರೂ ತವರಿಗೆ ಬರುತ್ತಾರೆ. ಬೇವಿನ ಮರಕ್ಕೋ ಹುಣಸೆ ಮರಕ್ಕೋ ದಪ್ಪ ಹಗ್ಗದ ಜೋಕಾಲಿ ಬೀಳುತ್ತದೆ. ಇಬ್ಬರು ಎದುರುಬದುರು ನಿಂತು, ಮಂಡಿ ಬಗ್ಗಿಸಿ ಜೀಕಿ, ಹಗ್ಗ ನೆಲಕ್ಕೆ ಅಡ್ಡಡ್ಡಲಾಗುವಷ್ಟು ಎತ್ತರಕ್ಕೆ ಏರುತ್ತಾರೆ. ಮೇಲಿನ ಕೊಂಬೆಯ ಎಲೆ ಮುಟ್ಟುವ ಪಂಥ ಕಟ್ಟುತ್ತಾರೆ. ಸೀರೆ ಉಟ್ಟ ನಡುವಯಸ್ಸಿನ ಹೆಂಗಸರೂ ಆ ದಿನ ಜೀಕುವುದರಲ್ಲಿ ಹಿಂದೆ ಬೀಳುವುದಿಲ್ಲ. ಗಂಡಸರದು ನಿಂಬೆಹಣ್ಣು ಎಸೆಯುವ, ಭಾರ ಎತ್ತುವ ಪಂಥಗಳು. ಹುಡುಗರಿಗೆ ಇಂಥ ವಿಶೇಷ ಪರವಾನಗಿ ಸಿಗುತ್ತಿದ್ದದ್ದು ಫಾಲ್ಗುಣದ ಕಾಮನ ಹಬ್ಬದಲ್ಲಿ. ಕಾಮನನ್ನು ಸುಡಲು ಕಟ್ಟಿಗೆ, ಬೆರಣಿ ಕದಿಯುವುದು ಅಂದು ಕಳ್ಳತನವಲ್ಲ. ರಾತ್ರಿ ಹಿತ್ತಲಿನ ಬೇಲಿ ಹಾರಿ, ಮುರಿದ ಬಂಡಿಯ ಗಾಲಿಯನ್ನೋ ಹಳೆಯ ಬಾಗಿಲನ್ನೋ ಸದ್ದಿಲ್ಲದೆ ಹೊತ್ತು ತರುವುದರಲ್ಲಿ ಹುಡುಗರ ಗುಂಪಿನ ಎದೆಗಾರಿಕೆಯೆಲ್ಲ ಪರೀಕ್ಷೆಯಾಗುತ್ತಿತ್ತು.

ಮಲೆನಾಡಿನಲ್ಲಿ ನೀರು ಎಲ್ಲೆಲ್ಲೂ ಇದ್ದುದರಿಂದ ಅಲ್ಲಿನ ಸಾಹಸದ ರೂಪ ಬೇರೆ. ಮಳೆಗಾಲದಲ್ಲಿ ಉಕ್ಕಿದ ಹಳ್ಳದ ಮೇಲಿನ ಸಂಕ ದಾಟಿ ಶಾಲೆಗೆ ಹೋಗುವುದೇ ಒಂದು ಸಾಹಸ. ಮೊದಲ ಮಳೆಗೆ ಗದ್ದೆಗಳತ್ತ ಏರುವ ಹತ್ತುಮೀನು ಹಿಡಿಯಲು ರಾತ್ರಿ ದೊಂದಿ ಹಿಡಿದು ದೊಡ್ಡವರ ಹಿಂದೆ ಓಡುವುದು, ಕಲ್ಲಿನ ಸಂದಿಗೆ ಕೈ ಹಾಕಿ ಏಡಿ ಹಿಡಿಯುವುದು, ಅಡಿಕೆಯ ಹಾ‍ಳೆಯ ಮೇಲೆ ಕುಳಿತು ಇಳಿಜಾರಿನಲ್ಲಿ ಜಾರುವುದು, ಬಿದಿರಿನ ಪೆಟ್ಲಿಗೆ ಕಾಯಿ ತುಂಬಿ ಹೊಡೆಯುವುದು ಅಲ್ಲಿನವರ ನೆನಪುಗಳು.

ಬಯಲುಸೀಮೆಯ ಬಾವಿಗೆ ಮೊದಲ ಬದಲಾವಣೆ ಬಂದದ್ದು ವಿದ್ಯುತ್ತಿನೊಂದಿಗೆ. 1960, 70ರ ದಶಕಗಳಲ್ಲಿ ಹಳ್ಳಿಗಳಿಗೆ ಕರೆಂಟು ಬಂದಂತೆ ಕಪಿಲೆಗಳು ನಿಂತವು, ಪಂಪ್‌ಸೆಟ್ಟುಗಳು ಕೂತವು. ಹುಡುಗರಿಗೆ ಆರಂಭದಲ್ಲಿ ಇದರಿಂದ ಲಾಭವೇ ಆಯಿತು: ಪೈಪಿನಿಂದ ಧುಮುಕುವ ನೀರಿಗೆ ತಲೆಯೊಡ್ಡುವ ಹೊಸ ಸುಖ ಸಿಕ್ಕಿತು. ಆದರೆ ಎತ್ತುಗಳು ದಿನವಿಡೀ ಎತ್ತುತ್ತಿದ್ದ ನೀರನ್ನು ಮೋಟಾರು ಸ್ವಲ್ಪ ಹೊತ್ತಿನೊಳಗೆ ಎತ್ತಿಹಾಕತೊಡಗಿತು. ಅದರ ಹಿಂದೆಯೇ ಕೊಳವೆಬಾವಿ ಬಂತು. 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೂ ಕುಡಿಯುವ ನೀರಿನ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎಂದೇ ಜನರ ಬಾಯಲ್ಲಿ ಉಳಿದರು. ಮೈಲಿಗಟ್ಟಲೆ ನಡೆದು ನೀರು ಹೊರುತ್ತಿದ್ದ ಹೆಂಗಸರಿಗೆ, ಮೇಲುಜಾತಿಯವರು ಸುರಿಯುವವರೆಗೆ ಬಾವಿಕಟ್ಟೆಯಾಚೆ ಕಾಯುತ್ತಿದ್ದ ದಲಿತರಿಗೆ ಕೈಪಂಪು ದೊಡ್ಡ ಬಿಡುಗಡೆ. ಹಾನಿ ಮಾಡಿದ್ದು ನೀರಾವರಿಗೆಂದು ಪೈಪೋಟಿಯಲ್ಲಿ ಕೊರೆದ ಬೋರ್‌ವೆಲ್ಲುಗಳು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅವು ಸಾವಿರ ಅಡಿಗಿಂತಲೂ ಆಳಕ್ಕೆ ಇಳಿದವು. ಅಂತರ್ಜಲ ಕುಸಿದ ಹಾಗೆ ತೆರೆದ ಬಾವಿಗಳು ಒಂದರ ಹಿಂದೊಂದು ಬತ್ತಿದವು. ಕೆಲವನ್ನು ಮಣ್ಣು ತುಂಬಿ ಉತ್ತರು, ಕೆಲವು ಕಸದ ಗುಂಡಿಗಳಾದವು.

ಬತ್ತಿದ ಬೋರ್‌ವೆಲ್ಲುಗಳು ಹೊಸದೊಂದು ಭೀತಿ ತಂದವು. ಮುಚ್ಚಳ ಹಾಕದೆ ಬಿಟ್ಟ ಕಿರಿದಾದ ಕೊಳವೆಗೆ ಆಡುತ್ತಿದ್ದ ಮಗು ಜಾರಿ ಬಿದ್ದ ಸುದ್ದಿಗಳು ಕರ್ನಾಟಕವೂ ಸೇರಿ ದೇಶದ ಹಲವೆಡೆಯಿಂದ ಬಂದವು. ಇಂಥ ಕೊಳವೆಗಳನ್ನು ಮುಚ್ಚುವ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಹಳೆಯ ಬಾವಿಯಲ್ಲಿ ಬಿದ್ದವನಿಗೆ ಈಜಲು ಜಾಗವಿತ್ತು, ಎತ್ತಲು ಗೆಳೆಯರು ಹಾರಬಹುದಿತ್ತು. ಇಲ್ಲಿ ಅದೂ ಇಲ್ಲ.

ಗೋಮಾಳದ ಕಥೆ ಕಾಗದದ ಮೇಲೆ ಒಂದು, ನೆಲದ ಮೇಲೆ ಇನ್ನೊಂದು. ಪ್ರತಿ ನೂರು ದನಕ್ಕೆ 12 ಹೆಕ್ಟೇರ್ ಹುಲ್ಲುಗಾವಲು ಬಿಡಬೇಕೆಂದು 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ವಾಸ್ತವದಲ್ಲಿ ಈ ನೆಲ ಭೂಮಿಯಿಲ್ಲದವರಿಗೆ ಹಂಚಿಕೆಯಾಯಿತು, ಸಾಗುವಳಿಗೆ ಒತ್ತುವರಿಯಾಯಿತು, 1990ರ ದಶಕದಲ್ಲಿ ಬಗರ್‌ಹುಕುಂ ಅರ್ಜಿಗಳ ಮೂಲಕ ಸಕ್ರಮವಾಯಿತು, ಸರ್ಕಾರಿ ಕಟ್ಟಡಗಳಿಗೂ ಹೋಯಿತು. ಭೂಹೀನನಿಗೆ ಎರಡು ಎಕರೆ ಸಿಕ್ಕದ್ದನ್ನು ಯಾರೂ ತಪ್ಪೆನ್ನಲಾರರು. ಉಳಿದ ಜಾಗದಲ್ಲಿ ಹಲವೆಡೆ 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಎದ್ದು ನಿಂತಿತು. ನೇರ ಕಾಂಡ, ಕೈಗೆಟುಕುವ ಕೊಂಬೆಯಿಲ್ಲ, ತಿನ್ನುವ ಹಣ್ಣಿಲ್ಲ, ದನ ಬಾಯಿ ಹಾಕುವ ಎಲೆಯಿಲ್ಲ. ಅಂಥ ತೋಪಿನಲ್ಲಿ ಮರಕೋತಿ ಆಡಲಾಗದು. ನಗರದಲ್ಲಿ ಇದೇ ಬದಲಾವಣೆ ಮೊದಲೇ ನಡೆದಿತ್ತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿರುವುದು ಕಂಠೀರವ ಕ್ರೀಡಾಂಗಣ, ಅಲ್ಲಿಗೆ ಪ್ರವೇಶಕ್ಕೆ ಗೇಟಿದೆ, ವೇಳೆಯಿದೆ.

ಮಕ್ಕಳ ದಿನಚರಿಯೂ ಬದಲಾಯಿತು. ದನ ಕಾಯುತ್ತಿದ್ದ ಕೈಗೆ ಪಾಟಿಚೀಲ ಬಂದದ್ದು ಈ ಚರಿತ್ರೆಯಲ್ಲಿ ಅತ್ಯಂತ ಒಳ್ಳೆಯ ಘಟನೆ, ಮತ್ತು ಗೋಮಾಳದ ಆಟಗಳು ನಿಲ್ಲಲು ಅದೇ ದೊಡ್ಡ ಕಾರಣ. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. 1987ರಲ್ಲಿ ‘ರಾಮಾಯಣ’ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಯ ಮುಂದೆ ಊರೆಲ್ಲ ಸೇರತೊಡಗಿತು. ಟ್ಯೂಷನ್, ಮೊಬೈಲುಗಳು ಆಮೇಲಿನ ಮಾತು. ಮನೆಗೊಂದೋ ಎರಡೋ ಮಕ್ಕಳಾದಾಗ ಬಾವಿಗೆ ಕಳಿಸುವ ಧೈರ್ಯವೂ ತಂದೆತಾಯಿಗೆ ಉಳಿಯಲಿಲ್ಲ. ಕಲಿಸುವ ದೊಡ್ಡ ಹುಡುಗರ ಗುಂಪೇ ಊರಿನಲ್ಲಿ ಇಲ್ಲವಾದ ಮೇಲೆ ಈಜಿನ ಪಾಠದ ಸರಪಳಿ ಕಡಿಯಿತು. ಇಂದು ತುಂಬಿದ ಕೆರೆಗೋ ಕೃಷಿಹೊಂಡಕ್ಕೋ ಇಳಿದು ಮುಳುಗುವ ಮಕ್ಕಳಲ್ಲಿ ಈಜು ಬಾರದವರೇ ಹೆಚ್ಚೆಂಬುದನ್ನು ಹಿರಿಯರು ನೋವಿನಿಂದ ಗಮನಿಸುತ್ತಾರೆ.

ಬತ್ತಿದ ಸೀಮೆಗೆ ನೀರು ಕೆಲವು ಕಡೆ ಮರಳಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಉದ್ದೇಶ ಅಂತರ್ಜಲ ಮರುಪೂರಣ, ಮಕ್ಕಳು ಇಳಿದು ಆಡುವ ನೀರು ಅದಲ್ಲ. ಹಳೆಯ ಆಟ ಬಹುಮಟ್ಟಿಗೆ ಜೀವಂತವಾಗಿರುವುದು ನಾಲೆಗಳ ಬದಿಯ ಊರುಗಳಲ್ಲಿ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆ ಮಂಡ್ಯ ಜಿಲ್ಲೆಯಲ್ಲಿ ಹರಿಯುವ ಉದ್ದಕ್ಕೂ, ತುಂಗಭದ್ರಾ ಕಾಲುವೆಯ ಬದಿಯಲ್ಲೂ, ಬೇಸಿಗೆಯಲ್ಲಿ ನೀರು ಬಿಟ್ಟ ದಿನ ಹುಡುಗರು ಸೇತುವೆಯ ಕಟ್ಟೆಯಿಂದ ಸಾಲಾಗಿ ಹಾರುತ್ತಾರೆ. ಹರಿಯುವ ನೀರಿನ ಸೆಳೆತ ಬಾವಿಯಲ್ಲಿ ಇರಲಿಲ್ಲ, ಇಲ್ಲಿನ ಅಪಾಯ ಹೆಚ್ಚು. ಉತ್ತರದ ಹಳ್ಳಿಗಳಲ್ಲಿ ಪಂಚಮಿಯ ಜೋಕಾಲಿ ಈಗಲೂ ಬೀಳುತ್ತದೆ. ದೊಡ್ಡ ಮರ ಉಳಿಯದ ಓಣಿಗಳಲ್ಲಿ ಅದನ್ನು ಮನೆಯ ತೊಲೆಗೆ ಕಟ್ಟುತ್ತಾರೆ.